ಎರವಲು, ಕಡ, ಮುಯ್ಯಿ: ನೆರೆಹೊರೆಯ ಲೆಕ್ಕ ನಡೆಯುವುದು ಹೇಗೆ?

2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಒಂದೇ ಬಗೆಯ ಸುದ್ದಿ ಬರತೊಡಗಿತು. ಮೈಕ್ರೊಫೈನಾನ್ಸ್ ಸಾಲದ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರು, ವಸೂಲಿಗೆ ಬಂದವರ ಮಾತು ತಾಳಲಾರದೆ ಕುಸಿದವರು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಆ ದಿನಗಳಲ್ಲಿ ನಮ್ಮ ಊರಿನ ಜಗಲಿಗಳಲ್ಲಿ ಹಿರಿಯರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮೊದಲೆಲ್ಲ ಅಕ್ಕಪಕ್ಕದ ಮನೆಯವರೇ ಕೊಟ್ಟು ತೆಗೆದುಕೊಂಡು ಕಾಲ ತಳ್ಳುತ್ತಿರಲಿಲ್ಲವೇ?"

ತಳ್ಳುತ್ತಿದ್ದರು, ನಿಜ. ಆದರೆ ಹೇಗೆ? "ಆಗಿನ ಜನ ಒಳ್ಳೆಯವರು" ಎಂದರೆ ಉತ್ತರ ಹೇಳಿದಂತಾಗುವುದಿಲ್ಲ. ಆಗಲೂ ಕೊಟ್ಟ ಕೊಡಲಿ ಮರಳದೆ ಮಾತು ಬಿಟ್ಟ ಮನೆಗಳಿದ್ದವು. ಆ ಕೊಡುಕೊಳ್ಳುವಿಕೆಗೆ ಬರೆದಿಡದ ನಿಯಮಗಳಿದ್ದವು, ಅವನ್ನು ಎಲ್ಲರೂ ಬಲ್ಲವರಾಗಿದ್ದರು. ಆ ನಿಯಮಗಳು ಯಾವುವು, ಯಾಕಾಗಿ ಹಾಗಿದ್ದವು ಎಂಬುದನ್ನು ಬಿಡಿಸಿ ನೋಡುವ ಪ್ರಯತ್ನ ಇದು.

ಮೊದಲು ಪದಗಳು

ಕನ್ನಡದಲ್ಲಿ ಇದಕ್ಕೆ ಹಲವು ಪದಗಳಿವೆ. ತಂದ ವಸ್ತುವನ್ನೇ ಮರಳಿಸಬೇಕಾದರೆ ಅದು ಎರವಲು. ಏಣಿ, ಒಡವೆ, ಪುಸ್ತಕ, ಹಂಡೆ ಎಲ್ಲ ಎರವಲಿನ ಲೆಕ್ಕ. ತಂದದ್ದು ಖರ್ಚಾಗಿ, ಅದರಷ್ಟೇ ಬೇರೆಯದನ್ನು ಕೊಡಬೇಕಾದರೆ ಅದು ಕಡ. ಒಂದು ಪಾವು ಅಕ್ಕಿ ತಂದವರು ಆ ಅಕ್ಕಿಯನ್ನು ಉಂಡಾಗಿರುತ್ತದೆ. ಕೊಡುವುದು ಬೇರೆ ಅಕ್ಕಿ. ಕೈಯಿಂದ ಕೈಗೆ, ಬಡ್ಡಿಯಿಲ್ಲದೆ, ಪತ್ರವಿಲ್ಲದೆ ಕೊಡುವ ಹಣ ಕೈಗಡ. ಬಡ್ಡಿ, ವಾಯಿದೆ, ಪತ್ರ ಸೇರಿಕೊಂಡರೆ ಅದು ಸಾಲ. ಇನ್ನು ದುಡಿಮೆಗೆ ದುಡಿಮೆ, ಉಡುಗೊರೆಗೆ ಉಡುಗೊರೆ ಎಂಬ ಮರಳಿಕೆಯೇ ಮುಯ್ಯಿ.

ಮಾತಿನಲ್ಲಿ ಇವು ಒಂದರೊಳಗೊಂದು ಬೆರೆಯುತ್ತವೆ. ಉತ್ತರ ಕರ್ನಾಟಕದಲ್ಲಿ ಸಾಮಾನನ್ನೂ ಕಡ ತಂದೆವು ಎನ್ನುವವರಿದ್ದಾರೆ, ಮೈಸೂರು ಕಡೆ ಸಕ್ಕರೆಯನ್ನೂ ಸಾಲ ಕೇಳುತ್ತಾರೆ. ಪದ ಯಾವುದಾದರೂ ಇರಲಿ, ಒಳಗಿನ ವ್ಯತ್ಯಾಸ ಎಲ್ಲ ಕಡೆಯೂ ಇದೆ. ನೆರೆಹೊರೆಯ ಬಹುಪಾಲು ಜಗಳಗಳು ಹುಟ್ಟುವುದು ಒಬ್ಬರು ಎರವಲು ಎಂದುಕೊಂಡದ್ದನ್ನು ಇನ್ನೊಬ್ಬರು ಕಡ ಎಂದುಕೊಂಡಾಗ, ಅಥವಾ ಮುಯ್ಯಿಯನ್ನು ಸಾಲದಂತೆ ವಸೂಲು ಮಾಡಲು ಹೊರಟಾಗ.

ಹೆಸರು ಕೊರೆದ ಪಾತ್ರೆ

ಹಳೆಯ ಮನೆಗಳ ಅಟ್ಟದಿಂದ ಒಂದು ಹಿತ್ತಾಳೆ ಕೊಳಗವನ್ನು ಇಳಿಸಿ ನೋಡಿ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿರುತ್ತದೆ; ಕೆಲವಕ್ಕೆ ಊರು, ಇಸವಿಯೂ ಇರುತ್ತದೆ. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸುವುದು ಇಂದಿಗೂ ನಡೆದಿದೆ. ಮನೆಯೊಳಗೇ ಇರುವ ಪಾತ್ರೆಗೆ ಹೆಸರು ಏಕೆ? ಅದು ಮನೆಯೊಳಗೇ ಇರುವುದಿಲ್ಲ ಎಂಬ ಕಾರಣಕ್ಕೆ. ಮದುವೆ, ತಿಥಿ, ಗೃಹಪ್ರವೇಶ ಎಂದು ಅದು ಊರು ಸುತ್ತುತ್ತದೆ. ಮದುವೆಯ ಮರುದಿನ ಹಿತ್ತಲಿನಲ್ಲಿ ತೊಳೆದು ಬೋರಲು ಹಾಕಿದ ಐವತ್ತು ಪಾತ್ರೆಗಳಲ್ಲಿ ಯಾವುದು ಯಾರದೆಂದು ಹೇಳುವುದು ಆ ಚುಕ್ಕಿಗಳೇ.

ಇದರ ಹಿಂದಿನ ಲೆಕ್ಕ ಸರಳ. ನೂರು ಜನರಿಗೆ ಅನ್ನ ಬೇಯಿಸುವ ಕೊಪ್ಪರಿಗೆ ಒಂದು ಮನೆಗೆ ಹತ್ತು ವರ್ಷಕ್ಕೊಮ್ಮೆ ಬೇಕಾದೀತು, ಊರಿಗೆ ತಿಂಗಳಿಗೊಮ್ಮೆ ಬೇಕು. ಮನೆಗೊಂದರಂತೆ ಕೊಂಡರೆ ಎಲ್ಲರ ಹಣವೂ ಅಟ್ಟದ ಮೇಲೆ ಕೂರುತ್ತದೆ. ಹಾಗಾಗಿ ಅನೇಕ ಊರುಗಳು ದೊಡ್ಡ ಪಾತ್ರೆ, ಜಮಖಾನೆಗಳನ್ನು ದೇವಸ್ಥಾನದಲ್ಲಿ ಇಟ್ಟು ಊರಿನ ಆಸ್ತಿ ಮಾಡಿಕೊಂಡವು. ಸಾರ್ವಜನಿಕ ಗ್ರಂಥಾಲಯದ್ದೂ ಇದೇ ತರ್ಕ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸೇರುತ್ತದೆ. ಗ್ರಂಥಾಲಯದ ಬಾಗಿಲನ್ನೇ ಕಾಣದವರೂ ಆ ಎರವಲಿನ ಕಪಾಟಿಗೆ ತಮ್ಮ ಪಾಲು ಕಟ್ಟುತ್ತಿದ್ದಾರೆ.

ಪುಕ್ಕಟೆ ಎರವಲಿಗೂ ಕಾನೂನು ಇದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 1872ರ ಭಾರತೀಯ ಕರಾರು ಕಾಯ್ದೆ ಇದನ್ನು ಅಚ್ಚುಕಟ್ಟಾಗಿ ಹೇಳುತ್ತದೆ. ಏಣಿಯ ಮೆಟ್ಟಿಲು ಸಡಿಲವಾಗಿದೆ ಎಂದು ಗೊತ್ತಿದ್ದೂ ಹೇಳದೆ ಕೊಟ್ಟರೆ, ಬಿದ್ದವರ ನಷ್ಟಕ್ಕೆ ಕೊಟ್ಟವರು ಹೊಣೆ. ತಂದವರು ಸಾಮಾನ್ಯ ವಿವೇಕವುಳ್ಳವರು ತಮ್ಮ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು. ಅಷ್ಟು ಜೋಪಾನ ಮಾಡಿಯೂ ಹಾಳಾದರೆ, ಬೇರೆ ಒಪ್ಪಂದವಿಲ್ಲದಿದ್ದರೆ, ಅವರು ಹೊಣೆಯಲ್ಲ. ಆದರೆ ಹೇಳಿದ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಿದರೆ ಮಾತು ಬೇರೆ. ಪಕ್ಕದ ಊರಿನ ಮದುವೆಗೆಂದು ಕಾರು ಕೇಳಿ ಪಡೆದು ಧರ್ಮಸ್ಥಳಕ್ಕೆ ಹೋದರೆ, ದಾರಿಯಲ್ಲಾದ ಹಾನಿಯಲ್ಲಿ ನಿಮ್ಮ ತಪ್ಪು ಇಲ್ಲದಿದ್ದರೂ ಕಟ್ಟಿಕೊಡಬೇಕಾದವರು ನೀವೇ. ಪುಕ್ಕಟೆ ಕೊಟ್ಟವರು, ವಾಯಿದೆ ಹೇಳಿದ್ದರೂ, ಅದಕ್ಕೆ ಮೊದಲೇ ವಾಪಸು ಕೇಳಬಹುದು. ವಾಯಿದೆಯನ್ನು ನಂಬಿ ನೀವು ಕೆಲಸ ಶುರು ಮಾಡಿದ್ದು, ನಡುವೆ ಕಿತ್ತುಕೊಂಡದ್ದರಿಂದ ಸಿಕ್ಕ ಲಾಭಕ್ಕಿಂತ ನಷ್ಟವೇ ಹೆಚ್ಚಾದರೆ ಆ ಹೆಚ್ಚಿನ ನಷ್ಟವನ್ನು ಕೊಟ್ಟವರು ತುಂಬಬೇಕು. ನಮ್ಮ ಅಜ್ಜಿ ಈ ಕಾಯ್ದೆಯ ಹೆಸರನ್ನೂ ಕೇಳಿದವಳಲ್ಲ. ಆದರೆ ಒನಕೆ ಕೊಡುವಾಗ "ತುದಿಯ ಬಳೆ ಸಡಿಲಾಗಿದೆ, ನೋಡಿಕೊಂಡು ಕುಟ್ಟಿ" ಎಂದೇ ಕೊಡುತ್ತಿದ್ದಳು.

ಪಾವಿನ ತಲೆ

ಕಡದ ಸೂಕ್ಷ್ಮವೆಲ್ಲ ಅಳತೆಯಲ್ಲಿದೆ. ಪಾವಿಗೆ ರಾಗಿ ಹಿಟ್ಟು ತುಂಬಿ ಅಂಗೈಯಿಂದ ಸವರಿದರೆ ಒಂದು ಅಳತೆ, ಗೋಪುರ ಬರುವಂತೆ ತಲೆ ಕಟ್ಟಿದರೆ ಇನ್ನೊಂದು. ತರುವಾಗ ಸವರಿದ ಪಾವಾದರೂ ಕೊಡುವಾಗ ತಲೆ ಕಟ್ಟಿ ಕೊಡಬೇಕೆಂಬುದು ನಮ್ಮ ಮನೆಯ ಕಟ್ಟಳೆ. ಹಿಟ್ಟು ತಂದ ಪಾತ್ರೆಯನ್ನು ಖಾಲಿ ಮರಳಿಸುವಂತೆಯೂ ಇರಲಿಲ್ಲ; ಎರಡು ನಿಂಬೆಹಣ್ಣೋ ಒಂದು ಹಿಡಿ ಅವರೆಕಾಯಿಯೋ ಒಳಗೆ ಬೀಳಬೇಕು. ಆ ಹೆಚ್ಚುವರಿಗೆ ಬಡ್ಡಿ ಎಂಬ ಹೆಸರಿಲ್ಲ, ಏಕೆಂದರೆ ಎಷ್ಟು ಎಂದು ಯಾರೂ ನಿಗದಿ ಮಾಡಿಲ್ಲ. ಸಮಸಮ ಅಳೆದು ಕೊಟ್ಟರೆ ಲೆಕ್ಕ ಚುಕ್ತಾ ಆಗುತ್ತದೆ. ಚೂರು ಹೆಚ್ಚು ಕೊಟ್ಟರೆ ಅವರಿಗೆ ಮುಂದಿನ ಸಲ ನಿಮ್ಮ ಬಾಗಿಲಿಗೆ ಬರಲು ಸಂಕೋಚವಾಗುವುದಿಲ್ಲ.

ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಕೊಡುವುದಿಲ್ಲ, ಶುಕ್ರವಾರ ಹಣ ಕೊಡುವುದಿಲ್ಲ ಎಂಬ ಕಟ್ಟುಗಳಿಗೆ ಲಕ್ಷ್ಮಿಯ ಕಾರಣ ಹೇಳುತ್ತಾರೆ. ಅದರ ಜೊತೆಗೆ ನನಗೆ ಕಾಣುವ ಇನ್ನೊಂದು ಉಪಯೋಗ: ಮುಖ ಮುರಿಯದೆ "ಇಲ್ಲ" ಎನ್ನಲು ಒಂದು ದಾರಿ. ಕೇಳಿದಾಗಲೆಲ್ಲ ಕೊಡಲೇಬೇಕಾದರೆ ಯಾವ ವ್ಯವಸ್ಥೆಯೂ ಬಹಳ ದಿನ ಬಾಳದು.

ಹೆಪ್ಪು ಈ ಲೆಕ್ಕಕ್ಕೇ ಸಿಗದ ವಸ್ತು. ಒಂದು ಚಮಚ ಮಜ್ಜಿಗೆ ಕೊಟ್ಟರೆ ಕೊಟ್ಟವರಿಗೆ ಏನೂ ಕಡಿಮೆಯಾಗುವುದಿಲ್ಲ, ಪಡೆದವರಿಗೆ ಬೆಳಗಾಗುವುದರೊಳಗೆ ಒಂದು ಗಡಿಗೆ ಮೊಸರು. ಯಾರೂ ಅದನ್ನು ಮರಳಿಸುವುದಿಲ್ಲ. ಆದರೆ ಒಂದು ದಿನ ನಿಮ್ಮ ಮನೆಯ ಮೊಸರು ಕೆಟ್ಟಿತು ಎನ್ನಿ. ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತೀರಿ. ಅಲ್ಲಿಂದ ಬರುವುದು ಹಿಂದೆ ನೀವೇ ಕೊಟ್ಟ ಹೆಪ್ಪಿನ ಮರಿಮಗು. ಹಂಚಿದ್ದು ನಿಮ್ಮ ವಸ್ತುವಿಗೇ ಇನ್ನೊಂದು ಭದ್ರ ಜಾಗವಾಯಿತು.

ಬಿತ್ತನೆ ಬೀಜದಲ್ಲಿ ಈ ತರ್ಕ ಬದುಕು ಸಾವಿನ ಪ್ರಶ್ನೆ. ನಾಟಿ ರಾಗಿ ತಳಿಯೊಂದು ಒಂದೇ ಮನೆಯ ವಾಡೆಯಲ್ಲಿದ್ದರೆ, ಒಂದು ಮಳೆಗಾಲ ಕೈಕೊಟ್ಟರೂ ಹುಳು ಬಿದ್ದರೂ ತಳಿಯೇ ಹೋಗುತ್ತದೆ. ಐದು ಮನೆಗೆ ಹೋಗಿದ್ದರೆ ಎಲ್ಲೋ ಒಂದು ಹೊಲದಲ್ಲಿ ಉಳಿಯುತ್ತದೆ. ಸಮುದಾಯ ಬೀಜ ಬ್ಯಾಂಕುಗಳು ಇದನ್ನೇ ನಿಯಮ ಮಾಡಿಕೊಂಡಿವೆ. ಒಂದು ಸೇರು ಒಯ್ದವರು ಸುಗ್ಗಿಯ ಮೇಲೆ ಎರಡು ಸೇರು ತರಬೇಕೆಂಬುದು ಹಲವು ಕಡೆಯ ಪದ್ಧತಿ. ನೂರಕ್ಕೆ ನೂರು ಬಡ್ಡಿಯಂತೆ ಕಾಣುತ್ತದೆ. ಆದರೆ ಒಂದು ಸೇರು ರಾಗಿ ಬಿತ್ತಿದವರ ಕಣದಲ್ಲಿ ಅದರ ಹತ್ತಾರು ಪಟ್ಟು ಬಿದ್ದಿರುತ್ತದೆ. ಹೆಚ್ಚುವರಿ ಸೇರು ಮುಂದಿನ ವರ್ಷ ಇನ್ನೊಬ್ಬರಿಗೆ ಹೋಗುತ್ತದೆ. ಪ್ರತಿವರ್ಷ ಹೊಸ ಬೀಜ ಬರುವುದರಿಂದ ಮೊಳಕೆಯ ಶಕ್ತಿಯೂ ಉಳಿಯುತ್ತದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001, ರೈತರು ಬೀಜ ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ಸ್ಪಷ್ಟ ಪದಗಳಲ್ಲಿ ಹೇಳಿದೆ. ನೋಂದಾಯಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ.

ಮುಯ್ಯಾಳು: ಆಳು ಉಳಿಯುವುದಿಲ್ಲ, ಹೊತ್ತು ಉಳಿಯುತ್ತದೆ

ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಇದು ಮುಯ್ಯಾಳು, ಮಲೆನಾಡಿನ ಕೆಲವು ಕಡೆ ಮುರಿಯಾಳು ಎನ್ನುತ್ತಾರೆ. ಹೀಗೆ ಮಾಡಿದರೆ ಕೆಲಸ ಕಡಿಮೆಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡೋಣ.

ಐದು ಮನೆ, ಮನೆಗೆ ಇಬ್ಬರು ದುಡಿಯುವವರು, ಪ್ರತಿ ಮನೆಗೂ ಹತ್ತು ಆಳಿನ ನಾಟಿ ಕೆಲಸ ಎನ್ನೋಣ. ತಮ್ಮ ತಮ್ಮ ಗದ್ದೆಯನ್ನು ತಾವೇ ಮಾಡಿಕೊಂಡರೆ ಪ್ರತಿ ಮನೆಗೂ ಐದು ದಿನ. ಹತ್ತೂ ಜನ ಸೇರಿ ದಿನಕ್ಕೊಂದು ಗದ್ದೆ ಮುಗಿಸಿದರೂ ಐದು ಗದ್ದೆಗೆ ಐದೇ ದಿನ. ಎರಡು ರೀತಿಯಲ್ಲೂ ಒಟ್ಟು ಐವತ್ತು ಆಳು. ದುಡಿಮೆ ಒಂದಿಷ್ಟೂ ಉಳಿಯಲಿಲ್ಲ.

ಉಳಿದದ್ದು ಬೇರೆ. ಸಸಿಮಡಿಯಿಂದ ಕಿತ್ತ ಅಗೆ, ಅಂದರೆ ನಾಟಿಯ ಸಸಿ, ಬಹಳ ಹೊತ್ತು ಕಾಯುವುದಿಲ್ಲ. ಒಂದೇ ಗದ್ದೆಯನ್ನು ಐದು ದಿನ ನೆಟ್ಟರೆ ಮೊದಲ ದಿನದ ಪೈರು ಬೇರು ಹಿಡಿದಿರುತ್ತದೆ, ಕೊನೆಯ ದಿನದ್ದು ಇನ್ನೂ ಬಾಗಿರುತ್ತದೆ. ನೀರು ಕಟ್ಟುವುದು, ಕಳೆ ಕೀಳುವುದು, ಕೊಯ್ಲು ಎಲ್ಲವೂ ಏರುಪೇರು. ಒಂದೇ ದಿನ ನೆಟ್ಟ ಗದ್ದೆ ಒಂದೇ ಸಮನೆ ಏಳುತ್ತದೆ, ಒಂದೇ ಸಮನೆ ಬಲಿಯುತ್ತದೆ. ಇದಕ್ಕಾಗಿಯೇ ಮುಯ್ಯಿಯ ಮನೆಗಳು ಸಸಿಮಡಿಗೆ ಬೀಜ ಹಾಕುವ ದಿನವನ್ನೇ ಹಿಂದೆ ಮುಂದೆ ಮಾಡಿಕೊಳ್ಳುತ್ತಿದ್ದವು. ಎಲ್ಲರ ಅಗೆಯೂ ಒಂದೇ ದಿನ ನಾಟಿಗೆ ಬಂದರೆ ಮುಯ್ಯಿ ನಡೆಯುವುದಿಲ್ಲ. ಜೂನ್ ತಿಂಗಳಲ್ಲಿ ಯಾರು ಯಾವ ದಿನ ಬೀಜ ನೆನೆಹಾಕಬೇಕೆಂಬ ಮಾತಿನಲ್ಲೇ ಜುಲೈನ ದುಡಿಮೆಯ ಹಂಚಿಕೆ ಮುಗಿದಿರುತ್ತಿತ್ತು.

ಒಂದು ದಿನಕ್ಕೆ ಒಂದು ದಿನ ಎಂಬುದು ಮೂಲ ಲೆಕ್ಕ. ಚುರುಕಿನವರು, ನಿಧಾನದವರು ಎಂಬ ಭೇದವಿಲ್ಲ. ಎತ್ತಿನ ಜೋಡಿ ತಂದರೆ ಬೇರೆ ಲೆಕ್ಕ, ಅದು ಊರಿಂದೂರಿಗೆ ಬದಲಾಗುತ್ತದೆ. ಗದ್ದೆಯವರು ಊಟ ಹಾಕಬೇಕು. ಊಟದಲ್ಲಿ ಜಿಪುಣತನ ಮಾಡಿದ ಮನೆಗೆ ಮರುವರ್ಷ ಬರುವವರಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರ ಮನೆಗೆ ನೆಂಟರು. ಶಿಕ್ಷೆ ಅಷ್ಟೇ. ಆದರೆ ಸಾಕಾಗುತ್ತಿತ್ತು.

ಇಲ್ಲಿ ಮುಚ್ಚಿಡಬಾರದ ಒಂದು ಮಾತಿದೆ. ಮುಯ್ಯಾಳಿಗೆ ಸೇರಲು ಮುಯ್ಯಿ ತೀರಿಸಿಕೊಳ್ಳಲು ಒಂದು ಗದ್ದೆ ಬೇಕು. ಭೂಮಿಯಿಲ್ಲದವರ ದುಡಿಮೆಗೆ ಮರುದಿನದ ಮುಯ್ಯಿ ಇರಲಿಲ್ಲ. 1976ರ ಕಾಯ್ದೆ ಜೀತವನ್ನು ನಿಷೇಧಿಸುವವರೆಗೆ, ಎಷ್ಟೋ ಕಡೆ ಆಮೇಲೂ, ಅದು ಒಂದೇ ದಿಕ್ಕಿನಲ್ಲಿ ಹರಿಯಿತು. ಹೆಪ್ಪು ಕೂಡ ಎಲ್ಲ ಬಾಗಿಲಿಗೂ ಹೋಗುತ್ತಿರಲಿಲ್ಲ. ಜಾತಿಯ ಗೆರೆ ಎಲ್ಲಿತ್ತೋ ಅಲ್ಲಿಗೆ ಪಾತ್ರೆ ನಿಲ್ಲುತ್ತಿತ್ತು, ಬಾವಿಯ ಹಗ್ಗವೂ ನಿಲ್ಲುತ್ತಿತ್ತು. ಸಂಜೆಗೆ ಕೈಗೆ ಬರುವ ಕೂಲಿಯ ಹಣ ಮುಯ್ಯಿಯನ್ನು ಮುರಿಯಿತು ಎಂದು ಕೊರಗುವವರು, ಅದೇ ಹಣ ಯಾರಿಗೆ ಬಿಡುಗಡೆಯಾಯಿತು ಎಂಬುದನ್ನೂ ನೋಡಬೇಕು. ಯಂತ್ರ ಬಾಡಿಗೆಗೆ ಸಿಗುವಂತಾದ ಮೇಲೆ, ಯುವಕರು ಪಟ್ಟಣ ಸೇರಿದ ಮೇಲೆ ಉಳಿದ ಮುಯ್ಯಿಯೂ ತೆಳುವಾಯಿತು.

101 ರೂಪಾಯಿಯ ಮುಯ್ಯಿ

ಮದುವೆ ಮನೆಯ ಮೂಲೆಯಲ್ಲಿ ಮೇಜು, ನೋಟ್‌ಬುಕ್, ಪೆನ್ನು ಹಿಡಿದ ಸೋದರಮಾವ. ಮುಯ್ಯಿ ಬರೆಸುವ ಜಾಗ ಅದು. ಆ ಪುಸ್ತಕ ಎಷ್ಟೋ ವರ್ಷ ಬೀರುವಿನಲ್ಲಿರುತ್ತದೆ. ಕೊಟ್ಟವರ ಮನೆಯಲ್ಲಿ ಮದುವೆ ಬಂದಾಗ ಹೊರಗೆ ಬರುತ್ತದೆ. ಅವರು 101 ಬರೆಸಿದ್ದರೆ ಇವರು ಅದಕ್ಕಿಂತ ಮೇಲೆಯೇ ಬರೆಸಬೇಕು. ಮದುವೆಯ ಖರ್ಚು ಒಂದೇ ದಿನ ಒಂದೇ ಮನೆಯ ಮೇಲೆ ಬೀಳುತ್ತದೆ, ಮುಯ್ಯಿ ಅದನ್ನು ಇಡೀ ಬಳಗದ ಮೇಲೆ, ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಹರಡುತ್ತದೆ. ಮೂವತ್ತು ವರ್ಷದ ಹಿಂದಿನ 101ಕ್ಕೆ ಇಂದು ಎಷ್ಟು ಬರೆಸಬೇಕು ಎಂಬುದಕ್ಕೆ ಯಾವ ಸೂತ್ರವೂ ಇಲ್ಲ. ಅದು ಹಿಂದಿನ ರಾತ್ರಿ ಗಂಡ ಹೆಂಡತಿ ಚರ್ಚಿಸಿ ತೀರ್ಮಾನಿಸುವ ವಿಷಯ.

ಚೀಟಿಯ ಲೆಕ್ಕ

ಮುಯ್ಯಿಗೆ ವಾಯಿದೆ, ಸರದಿ ಮತ್ತು ಹರಾಜು ಸೇರಿದರೆ ಚೀಟಿ. ಇಪ್ಪತ್ತು ಜನ ತಿಂಗಳಿಗೆ 5,000 ರೂಪಾಯಿಯಂತೆ ಹಾಕಿದರೆ 1 ಲಕ್ಷ ಕೂಡುತ್ತದೆ. ಈ ತಿಂಗಳು ಅವಸರವಿದ್ದ ಒಬ್ಬರು 20,000 ಬಿಟ್ಟು ಕೂಗಿ 80,000ಕ್ಕೆ ಚೀಟಿ ಎತ್ತಿದರು ಎನ್ನಿ. ಬಿಟ್ಟ 20,000ದಲ್ಲಿ ನಡೆಸುವವರ ಕಮಿಷನ್ 5,000 ಹೋದರೆ ಉಳಿದ 15,000 ಇಪ್ಪತ್ತು ಜನರಿಗೆ ಹಂಚಿಕೆಯಾಗುತ್ತದೆ, ತಲೆಗೆ 750. ಅಂದರೆ ಆ ತಿಂಗಳು ಕೈಯಿಂದ ಹೋದದ್ದು 4,250. ಮೊದಲು ಎತ್ತಿದವರು ಸಾಲಗಾರರು, ಕೊನೆಗೆ ಎತ್ತುವವರು ಉಳಿತಾಯ ಮಾಡುವವರು, ನಡುವಿನವರು ಅರ್ಧ ಅದು, ಅರ್ಧ ಇದು. ಅಪಾಯ ಎಲ್ಲಿದೆ ಎಂಬುದೂ ಇಲ್ಲೇ ಕಾಣುತ್ತದೆ: ಎತ್ತಿದ ಮೇಲೆ ಕಟ್ಟುವುದನ್ನು ನಿಲ್ಲಿಸುವವರು, ಮತ್ತು ಹಣದೊಂದಿಗೆ ನಾಪತ್ತೆಯಾಗುವ ನಡೆಸುವವರು. 1982ರ ಚಿಟ್ ಫಂಡ್ ಕಾಯ್ದೆ ಅನುಮತಿ, ನೋಂದಣಿ, ಭದ್ರತಾ ಠೇವಣಿಯನ್ನು ಕಡ್ಡಾಯ ಮಾಡಿದೆ. 2019ರ ತಿದ್ದುಪಡಿ ಕಮಿಷನ್ನಿನ ಮಿತಿಯನ್ನು ಶೇ 5ರಿಂದ ಶೇ 7ಕ್ಕೆ ಏರಿಸಿತು. ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ನೆರೆಯವರೇ ಅಡಮಾನವಾದಾಗ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಮೈಕ್ರೊಫೈನಾನ್ಸ್ ಎಂದರೆ, ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ. ಆ ಕುಟುಂಬದ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಒಡವೆಯಿಲ್ಲ, ಪತ್ರವಿಲ್ಲ, ಹಾಗಾದರೆ ಕೊಡುವವರಿಗೆ ಧೈರ್ಯ ಎಲ್ಲಿಂದ? ಅನೇಕ ಸಾಲಗಳಲ್ಲಿ ಉತ್ತರ ಗುಂಪು. ಒಂದೇ ಬೀದಿಯ ಹೆಂಗಸರು ಒಬ್ಬರಿಗೊಬ್ಬರು ಹೊಣೆ ನಿಲ್ಲುತ್ತಾರೆ. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು. ಹೆಪ್ಪು ಕೊಟ್ಟು, ಪಾವು ಅಳೆದು ಹತ್ತಾರು ವರ್ಷಗಳಲ್ಲಿ ಕೂಡಿಟ್ಟ ನಂಬಿಕೆಯೇ ಇಲ್ಲಿ ಅಡಮಾನ.

ಹಳೆಯ ಕೈಗಡಕ್ಕೂ ಇದಕ್ಕೂ ವ್ಯತ್ಯಾಸ ಬಡ್ಡಿಯೊಂದೇ ಅಲ್ಲ. ಪಕ್ಕದ ಮನೆಯವರಿಗೆ ನಿಮ್ಮ ಹಸು ಬತ್ತಿದ್ದು ಗೊತ್ತು, ಮಗನಿಗೆ ಡೆಂಗಿ ಆದದ್ದು ಗೊತ್ತು. "ಸುಗ್ಗಿ ಆಗಲಿ ಬಿಡು" ಎನ್ನಬಲ್ಲರು. ವಾರಕ್ಕೊಮ್ಮೆ ಪಟ್ಟಿ ಹಿಡಿದು ಬರುವವರಿಗೆ ಆ ಅಧಿಕಾರವೂ ಇಲ್ಲ, ತಿಳಿವಳಿಕೆಯೂ ಇಲ್ಲ. ಕಂತು ತಪ್ಪಿದ ದಿನ ಗುಂಪಿನ ಗೆಳತಿಯರೇ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಸ್ವಸಹಾಯ ಸಂಘವನ್ನು ಇದರೊಂದಿಗೆ ಕಲೆಸಬಾರದು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ರಾಜ್ಯದಲ್ಲಿ ಬೆಳೆಸಿದ ಗುಂಪುಗಳು, 1992ರಲ್ಲಿ ನಬಾರ್ಡ್ ಬ್ಯಾಂಕುಗಳಿಗೆ ಜೋಡಿಸಲು ಆರಂಭಿಸಿದ ಗುಂಪುಗಳು, 2000ದಲ್ಲಿ ಬಂದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳು, ಇವೆಲ್ಲ ಮೊದಲು ತಮ್ಮದೇ ಉಳಿತಾಯ ಕೂಡಿಸುತ್ತವೆ. ಯಾರಿಗೆ, ಎಷ್ಟು ಎಂದು ಸದಸ್ಯರೇ ಕೂತು ತೀರ್ಮಾನಿಸುತ್ತಾರೆ. ಒಳಗಿನ ಸಾಲದ ಬಡ್ಡಿ ಸಂಘದ ಪೆಟ್ಟಿಗೆಗೇ ಮರಳುತ್ತದೆ. 1904ರ ಸಹಕಾರ ಸಂಘಗಳ ಕಾಯ್ದೆಯ ಮರುವರ್ಷವೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ತಿರುಳೂ ಇದೇ: ಊರಿನವರ ಹಣ, ಊರಿನವರ ತೀರ್ಮಾನ.

ಅಪಾರ್ಟ್‌ಮೆಂಟಿನ ಡ್ರಿಲ್ ಯಂತ್ರ

ಬೆಂಗಳೂರಿನಲ್ಲಿ ನಾನಿರುವ ಕಟ್ಟಡದಲ್ಲಿ ನಲವತ್ತು ಮನೆಗಳಿವೆ. ಗೋಡೆಗೆ ಮೊಳೆ ಹೊಡೆಯುವ ದಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಯಾರಲ್ಲಾದರೂ ಡ್ರಿಲ್ ಇದೆಯೇ?" ಎಂಬ ಸಂದೇಶ ತಪ್ಪದೆ ಬರುತ್ತಿತ್ತು. ಎರಡು ವರ್ಷದ ಹಿಂದೆ ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ ಒಂದು ಡ್ರಿಲ್, ಒಂದು ಏಣಿ, ಒಂದು ಗಾಲಿಕುರ್ಚಿ ಕೊಂಡು ಕಾವಲುಗಾರರ ಕೋಣೆಯ ಪಕ್ಕದ ಬೀರುವಿನಲ್ಲಿಟ್ಟರು. ಒಯ್ದ ದಿನ, ಮರಳಿಸಿದ ದಿನ ಬರೆಯಲು ದಾರ ಕಟ್ಟಿದ ಪೆನ್ನು, ಒಂದು ಪುಸ್ತಕ.

ಏಣಿ, ಗಾಲಿಕುರ್ಚಿಗಳ ಬಗ್ಗೆ ಒಂದು ಮಾತೂ ಬರಲಿಲ್ಲ. ಡ್ರಿಲ್ಲಿನದು ಮಾತ್ರ ತಿಂಗಳಿಗೊಂದು ತಕರಾರು. ಯಂತ್ರವೇನೋ ಸರಿಯಾಗಿಯೇ ಮರಳುತ್ತಿತ್ತು, ಅದರ ತುದಿಗೆ ಸಿಕ್ಕಿಸುವ, ಗೋಡೆ ಕೊರೆಯುವ ಬಿಟ್ಟುಗಳು ಮೊಂಡಾಗಿರುತ್ತಿದ್ದವು, ಮುರಿದಿರುತ್ತಿದ್ದವು. ತಂದವರು "ನಾವು ಒಯ್ದಾಗಲೇ ಹೀಗಿತ್ತು" ಎನ್ನುತ್ತಿದ್ದರು. ಕೊನೆಗೆ ಮೂರನೇ ಮಹಡಿಯ ಅಜ್ಜಿ, ಹಾಸನದ ಕಡೆಯವರು, ಸಭೆಯಲ್ಲಿ ಕೇಳಿದರು: "ಯಂತ್ರ ಎರವಲು ಸರಿ. ಸವೆಯುವ ಬಿಟ್ಟನ್ನು ಎರವಲು ಅಂದರೆ ಹೇಗಪ್ಪ? ಅದು ಕಡ." ಈಗ ಬೀರುವಿನಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಕಾಂಕ್ರೀಟ್ ಗೋಡೆಗೆ ಒಂದು ಬಿಟ್ಟು ಬಳಸಿದವರು ಹೊಸದೊಂದನ್ನು ತಂದು ಅದರಲ್ಲಿ ಹಾಕಬೇಕು. ಮೊನ್ನೆ ಮುಚ್ಚಳ ತೆಗೆದು ನೋಡಿದೆ. ನಾವು ಕೊಂಡಾಗ ಐದು ಇದ್ದವು, ಈಗ ಒಂಬತ್ತಿವೆ.